ಉಚಿತ ಪ್ರಸಾರದ ನಾಳೆ ಮತ್ತು ಗಡಿನಾಡಿನ ಕನ್ನಡ ಮನೆ

(ಕೆಲಮಂಗಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಗಡಿನಾಡಿನಲ್ಲಿ ಕನ್ನಡ ಉಳಿಯಬೇಕಾದರೆ ಅದು ದಿನವೂ ಕಿವಿಗೆ ಬೀಳುತ್ತಿರಬೇಕು. ಈ ದತ್ತಿಯನ್ನು ಇಟ್ಟವರ ಆಶಯವೂ ಅದೇ ಎಂದು ತಿಳಿದು, ಇಂದಿನ ಮಾತಿಗೆ ಪ್ರಸಾರದ ವಿಷಯವನ್ನು ಆರಿಸಿಕೊಂಡಿದ್ದೇನೆ. ತಿಂಗಳ ಬಾಡಿಗೆ ಇಲ್ಲದೆ ಆಕಾಶದಿಂದ ನೇರವಾಗಿ ಮನೆಗೆ ಬರುವ ರೇಡಿಯೊ, ಟಿ.ವಿ. ಒಂದು ಕಡೆ, ದುಡ್ಡು ಕಟ್ಟಿದರೆ ಮಾತ್ರ ತೆರೆದುಕೊಳ್ಳುವ ಕೇಬಲ್, ಡಿಟಿಎಚ್, ಒಟಿಟಿ ಇನ್ನೊಂದು ಕಡೆ. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಉಳಿಯಬೇಕು ಎಂಬ ಚರ್ಚೆ ಇಡೀ ಜಗತ್ತಿನಲ್ಲಿ ನಡೆಯುತ್ತಿದೆ. ಆ ಚರ್ಚೆಯಲ್ಲಿ ತಮಿಳುನಾಡಿನ ಹೊಸೂರು ಸೀಮೆಯ ಕೆಲಮಂಗಲದಂಥ ಊರಿಗೆ ಹೇಳುವುದಕ್ಕೆ ತನ್ನದೇ ಆದ ಮಾತಿದೆ.

ನಾನು ಹೇಳಬೇಕೆಂದಿರುವುದು ಇಷ್ಟು. ದುಡ್ಡು ಕೊಟ್ಟು ನೋಡುವ ಟಿ.ವಿ. ಗ್ರಾಹಕರಿರುವ ಕಡೆ ಹೋಗುತ್ತದೆ. ಒಂದು ಭಾಷೆಯ ಗ್ರಾಹಕರು ಕಡಿಮೆ ಇರುವ ಕಡೆ ಆ ಭಾಷೆ ದುಬಾರಿಯಾಗುತ್ತದೆ, ಇಲ್ಲವೇ ಮರೆಯಾಗುತ್ತದೆ. ಉಚಿತ ಪ್ರಸಾರಕ್ಕೆ ಈ ಲೆಕ್ಕ ಬೇಕಿಲ್ಲ. ಅದು ತಲುಪುವ ನೆಲದ ಮೇಲಿರುವವರೆಲ್ಲರಿಗೂ ಸಮನಾಗಿ ಸಿಗುತ್ತದೆ. ಆದ್ದರಿಂದ ತಮ್ಮ ಭಾಷೆಯ ರಾಜ್ಯದಿಂದ ಹೊರಗೆ ಉಳಿದ ಜನರಿಗೆ ಉಚಿತ ಪ್ರಸಾರ ಒಂದು ಹಕ್ಕು. ಅದನ್ನು ಹಕ್ಕಾಗಿಯೇ ಕೇಳಬೇಕು.

ಅತ್ತಿಬೆಲೆಯಲ್ಲಿ ನಿಲ್ಲದ ಅಲೆ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಆಗ ನಮ್ಮದು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಪುನರ್ವಿಂಗಡಣೆಗೆ ಸುಮಾರು ಒಂದು ವರ್ಷ ಮುಂಚೆ, 1955ರ ನವೆಂಬರ್ 2ರಂದು, ಬೆಂಗಳೂರಿನ ಆಕಾಶವಾಣಿ ನಿಲಯ ಶುರುವಾಗಿತ್ತು. ಅದರ ಬೇರು ಮೈಸೂರಿನಲ್ಲಿದೆ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. ಒಬ್ಬ ಮೇಷ್ಟ್ರು ತಮ್ಮ ಖರ್ಚಿನಲ್ಲಿ ಊರಿನವರಿಗೆಲ್ಲ ಕೇಳಲೆಂದು ತೊಡಗಿಸಿದ ಕೆಲಸ ಅದು. ಕನ್ನಡದ ಪ್ರಸಾರ ಹುಟ್ಟಿದ್ದೇ ಸಾರ್ವಜನಿಕ ಸೇವೆಯಾಗಿ ಎಂಬುದನ್ನು ನಾವು ಮರೆಯಬಾರದು.

ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್‌ನದು. ಅಲೆಯ ಉದ್ದ ಸುಮಾರು 490 ಮೀಟರ್. ಇಷ್ಟು ಉದ್ದದ ಅಲೆ ನೆಲಕ್ಕೆ ಅಂಟಿಕೊಂಡು ಏರು ತಗ್ಗುಗಳನ್ನು ಬಳಸಿಕೊಂಡು ಸಾಗುತ್ತದೆ. ರಾತ್ರಿ ಹೊತ್ತು ಮೇಲಿನ ವಾತಾವರಣಕ್ಕೆ ತಾಗಿ ಮತ್ತಷ್ಟು ದೂರ ಹೋಗಿ ಇಳಿಯುತ್ತದೆ. ಹಾಗಾಗಿ ಬೆಟ್ಟಮುಗಿಲಾಳದ ಬೆಟ್ಟದ ಕಡೆಯ ಹಾಡಿಗಳಿಗೂ ಅದಕ್ಕೆ ದಾರಿ ಸಿಕ್ಕಿತು. ಗಡಿಯಲ್ಲಿರುವ ಅತ್ತಿಬೆಲೆಯ ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲುತ್ತಿತ್ತು, ಅಲೆ ನಿಲ್ಲುತ್ತಿರಲಿಲ್ಲ. ಬೆಳಗಿನ ಗೀತೆ, ಪ್ರದೇಶ ಸಮಾಚಾರ, ರೈತರ ಕಾರ್ಯಕ್ರಮ, ಭಾನುವಾರದ ನಾಟಕ ಎಲ್ಲವೂ ಗಡಿಯ ಈಚೆಗೂ ಬಂದವು. ರಾಗಿ ಹೊಲದಲ್ಲಿ, ರೇಷ್ಮೆ ಹುಳುವಿನ ಮನೆಯಲ್ಲಿ ಟ್ರಾನ್ಸಿಸ್ಟರ್ ತಗುಲಿಹಾಕಿಕೊಂಡು ದುಡಿದವರು ಈ ಸಭೆಯಲ್ಲೇ ಇದ್ದೀರಿ.

ಟಿ.ವಿ. ಬಂದದ್ದು ನಿಧಾನವಾಗಿ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಯೋಗ ಶುರುವಾಯಿತು. ಕನ್ನಡದ ಹಳ್ಳಿಗಳು ಟಿ.ವಿ. ಕಂಡದ್ದು 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಇಳಿಸಿದರು. ಅವುಗಳಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಸೀಮೆಯ ಹಳ್ಳಿಗಳಿದ್ದವು. ಕೋಳಿ ಬಲೆಯಂಥ ತಂತಿಯಿಂದ ಮಾಡಿದ ಹತ್ತು ಅಡಿ ಅಗಲದ ಬುಟ್ಟಿಯ ಮುಂದೆ ಇಡೀ ಊರು ಕೂತು ನೋಡಿತು. ಅದರ ಮುಂದುವರಿಕೆಯಾಗಿ 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಬಂತು, 1981ರಲ್ಲಿ ಬೆಂಗಳೂರಿನಲ್ಲಿ.

ಬೆಂಗಳೂರಿನಿಂದ ಕೆಲಮಂಗಲಕ್ಕೆ ರಸ್ತೆಯಲ್ಲಿ 60 ಕಿಲೋಮೀಟರ್ ಆಸುಪಾಸು. ದೊಡ್ಡ ಟ್ರಾನ್ಸ್‌ಮಿಟರಿನ ಟಿ.ವಿ. ಅಲೆಗೆ ಇದು ತಲುಪಬಹುದಾದ ದೂರವೇ, ಆದರೆ ಅಂಚಿನ ದೂರ. ಆದ್ದರಿಂದ ಇಲ್ಲಿ ಸಾಮಾನ್ಯ ಆಂಟೆನಾ ಸಾಲುತ್ತಿರಲಿಲ್ಲ. ಇಪ್ಪತ್ತು ಮೂವತ್ತಡಿ ಜಿ.ಐ. ಪೈಪು, ಅದರ ತುದಿಗೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ, ನಾಲ್ಕು ಕಡೆ ಎಳೆದು ಕಟ್ಟಿದ ತಂತಿ, ಕೆಳಗೆ ಬರುವ ಚಪ್ಪಟೆ ವೈರು, ಟಿ.ವಿ. ಹಿಂದೆ ಒಂದು ಬೂಸ್ಟರ್ ಡಬ್ಬಿ. ಯಾಗಿ ಮತ್ತು ಉಡಾ ಎಂಬ ಜಪಾನಿನ ಇಬ್ಬರು ವಿಜ್ಞಾನಿಗಳು 1926ರಲ್ಲಿ ರೂಪಿಸಿದ ಆ ಆಂಟೆನಾದ ಗುಣವೆಂದರೆ ಅದು ಮುಖ ಮಾಡಿದ ದಿಕ್ಕಿನ ಅಲೆಯನ್ನು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ನಮ್ಮ ಮನೆಗಳ ಮೇಲಿನ ಕಡ್ಡಿಗಳು ವಾಯವ್ಯಕ್ಕೆ, ಬೆಂಗಳೂರಿನ ಕಡೆಗೆ ತಿರುಗಿದ್ದವು. ಆಳುವ ಕಚೇರಿ ಪೂರ್ವಕ್ಕಿದ್ದರೂ ಆಂಟೆನಾವನ್ನು ಯಾವ ಕಡೆ ತಿರುಗಿಸಬೇಕೆಂದು ತೀರ್ಮಾನಿಸುವ ಅಧಿಕಾರ ಮನೆಯವರದಾಗಿತ್ತು. ಕನ್ನಡ ವಾರ್ತೆ, ಭಾನುವಾರದ ಸಿನಿಮಾ, 1990ರ ದಶಕದ ಕೊನೆಯಲ್ಲಿ ಟಿ.ಎನ್. ಸೀತಾರಾಮ್ ಮತ್ತು ಸಂಗಡಿಗರ ‘ಮಾಯಾಮೃಗ’ ಎಲ್ಲವೂ ಈ ಸೀಮೆಗೆ ಬಂದದ್ದು ಆ ಅಧಿಕಾರದ ಬಲದಿಂದ.

ಆಕಾಶ ಯಾರ ಆಸ್ತಿ

ಈ ಅಲೆಗಳ ಒಡೆತನ ಯಾರದು ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದದ್ದು ಕ್ರಿಕೆಟ್ಟಿನಿಂದ. 1993ರ ಹೀರೋ ಕಪ್ ಪಂದ್ಯಗಳ ಪ್ರಸಾರದ ವಿಷಯದಲ್ಲಿ ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಕೇಂದ್ರ ಸರ್ಕಾರಕ್ಕೂ ತಕರಾರು ಬಂತು. 1995ರ ಫೆಬ್ರವರಿ 9ರಂದು ಬಂದ ತೀರ್ಪು, ಪ್ರಸಾರದ ಅಲೆಗಳು ಸಾರ್ವಜನಿಕ ಆಸ್ತಿ, ಅವುಗಳ ಬಳಕೆ ಸಾರ್ವಜನಿಕರ ಹಿತಕ್ಕಾಗಿ ಇರಬೇಕು, ಸರ್ಕಾರವಾಗಲಿ ಖಾಸಗಿಯವರಾಗಲಿ ಏಕಸ್ವಾಮ್ಯ ಸಾಧಿಸುವಂತಿಲ್ಲ ಎಂದಿತು. 1990ರಲ್ಲೇ ಪಾಸಾಗಿ ಕಪಾಟಿನಲ್ಲಿದ್ದ ಪ್ರಸಾರ ಭಾರತಿ ಕಾಯ್ದೆ 1997ರಲ್ಲಿ ಜಾರಿಗೆ ಬಂತು. ಆಕಾಶವಾಣಿ, ದೂರದರ್ಶನ ಎರಡೂ ಪ್ರಸಾರ ಭಾರತಿ ಸಂಸ್ಥೆಯ ಕೆಳಗೆ ಬಂದವು.

ಈ ತೀರ್ಪನ್ನು ಖಾಸಗಿ ವಾಹಿನಿಗಳಿಗೆ ಬಾಗಿಲು ತೆರೆದ ತೀರ್ಪು ಎಂದೇ ಹೆಚ್ಚಾಗಿ ನೆನೆಯುತ್ತಾರೆ. ಅದರ ಇನ್ನೊಂದು ಅರ್ಧ ನಮಗೆ ಮುಖ್ಯ. ಸಾರ್ವಜನಿಕ ಆಸ್ತಿಯಲ್ಲಿ ಸಣ್ಣ ಸಮುದಾಯಕ್ಕೂ ಪಾಲಿದೆ. ಆ ಪಾಲನ್ನು ಮಾರುಕಟ್ಟೆ ಕೊಡದಿದ್ದರೆ ಸಾರ್ವಜನಿಕ ಪ್ರಸಾರ ಕೊಡಬೇಕು.

ತಂತಿ ಬಂತು, ಡಬ್ಬ ಬಂತು, ಪ್ಯಾಕ್ ಬಂತು

1993ರ ಏಪ್ರಿಲ್ 14ರಂದು ಸನ್ ಟಿ.ವಿ. ಶುರುವಾಯಿತು. ಮರು ವರ್ಷ ಅದೇ ಬಳಗದ ಉದಯ ಟಿ.ವಿ. ಕನ್ನಡದ ಮೊದಲ ದೊಡ್ಡ ಖಾಸಗಿ ವಾಹಿನಿಯಾಗಿ ಬಂತು. 2000ದ ಕೊನೆಗೆ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಇವುಗಳಿಂದ ಕನ್ನಡಕ್ಕೆ ಆದ ಲಾಭ ಸಣ್ಣದಲ್ಲ. ಸಾವಿರಾರು ಕಲಾವಿದರಿಗೆ, ಬರಹಗಾರರಿಗೆ, ತಂತ್ರಜ್ಞರಿಗೆ ಕೆಲಸ ಸಿಕ್ಕಿತು. ದಿನವಿಡೀ ಕನ್ನಡ ನೋಡುವ ಅವಕಾಶವನ್ನು ದೂರದರ್ಶನ ಒಂದೇ ಎಂದೂ ಕೊಡುತ್ತಿರಲಿಲ್ಲ. ಇದನ್ನು ತುಂಬು ಮನಸ್ಸಿನಿಂದ ಒಪ್ಪಬೇಕು.

ತಮಿಳುನಾಡಿನಲ್ಲಿ ಸರ್ಕಾರವೂ ಟಿ.ವಿ.ಯನ್ನು ಬಡವರ ಮನೆಗೆ ಒಯ್ದಿತು. 2006ರಿಂದ ಐದು ವರ್ಷಗಳಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಕಲರ್ ಟಿ.ವಿ.ಗಳನ್ನು ಉಚಿತವಾಗಿ ಹಂಚಲಾಯಿತು. 2007ರಲ್ಲಿ ಹುಟ್ಟಿದ ಅರಸು ಕೇಬಲ್ ಟಿ.ವಿ. ನಿಗಮ, 2011ರ ಸೆಪ್ಟೆಂಬರ್‌ನಲ್ಲಿ ಮರುಜೀವ ಪಡೆದು ತಿಂಗಳಿಗೆ 70 ರೂಪಾಯಿಗೆ ಕೇಬಲ್ ಕೊಡತೊಡಗಿತು. ಕೇಬಲ್ ಬಿಲ್ಲು ಬಡವರ ಕೈಗೆಟುಕಬೇಕು ಎಂದು ಒಂದು ರಾಜ್ಯ ಸರ್ಕಾರ ಹೀಗೆ ಮುಂದೆ ಬಂದದ್ದು ದೇಶದಲ್ಲಿ ಅಪರೂಪ. ಆ ಟಿ.ವಿ. ಪೆಟ್ಟಿಗೆಗಳು ನಮ್ಮ ಕನ್ನಡದ ಮನೆಗಳಿಗೂ ಬಂದವು. ಆದರೆ ಕೇಬಲ್ಲಿನ ಪಟ್ಟಿ ಸಹಜವಾಗಿಯೇ ರಾಜ್ಯದ ಭಾಷೆಯನ್ನು ಮುಂದಿಟ್ಟುಕೊಂಡು ರಚನೆಯಾದದ್ದು.

ಇದರ ನಂತರ ಬಂದದ್ದು ಡಿಜಿಟಲ್ ಡಬ್ಬ. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿಯಾಗಿ, ಮಹಾನಗರಗಳಿಂದ ಶುರುವಾದ ಬದಲಾವಣೆ ನಾಲ್ಕು ಹಂತದಲ್ಲಿ ನಡೆದು 2017ರ ಮಾರ್ಚ್ ಕೊನೆಗೆ ಹಳ್ಳಿಗಳಿಗೂ ಬಂತು. 2019ರ ಫೆಬ್ರವರಿ 1ರಿಂದ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಹೊಸ ದರ ಪದ್ಧತಿ. ನೂರು ಚಾನೆಲ್ಲಿನ ಮೂಲ ಸೌಲಭ್ಯಕ್ಕೆ ಗರಿಷ್ಠ 130 ರೂಪಾಯಿ, ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಪೇ ಚಾನೆಲ್ಲುಗಳಿಗೆ ಬೇರೆ ಬೇರೆ ದರ. ಪ್ಯಾಕಿನಲ್ಲಿ ಸೇರಿಸುವ ಒಂದು ಚಾನೆಲ್ಲಿಗೆ 19 ರೂಪಾಯಿ ಮಿತಿ. ನೋಡುವವರು ತಮಗೆ ಬೇಕಾದದ್ದಕ್ಕೆ ಮಾತ್ರ ಹಣ ಕೊಡಲಿ ಎಂಬುದು ಇದರ ಹಿಂದಿನ ಉದ್ದೇಶ. ಒಂದೇ ಭಾಷೆಯ ಮನೆಗೆ ಇದು ಸರಿಹೋಗಬಹುದು. 2024ರ ಜುಲೈನಲ್ಲಿ ಆ ಮೂಲ ಶುಲ್ಕದ ಮೇಲಿನ ಮಿತಿಯನ್ನೂ ತೆಗೆದುಹಾಕಲಾಯಿತು.

ನಮ್ಮ ಮನೆಗಳು ಒಂದೇ ಭಾಷೆಯವಲ್ಲ. ಅಜ್ಜಿಗೆ ಕನ್ನಡದ ಧಾರಾವಾಹಿ ಬೇಕು, ಶಾಲೆ ಕಾಲೇಜು ತಮಿಳಿನಲ್ಲಿ ಓದಿದ ಮೊಮ್ಮಗನಿಗೆ ತಮಿಳು ಸಿನಿಮಾ ಬೇಕು, ಸೊಸೆ ತೆಲುಗು ಮನೆಯಿಂದ ಬಂದವಳು. ತಿಂಗಳ ಮೊದಲ ವಾರ ಕೇಬಲ್ ಹುಡುಗ ಬಾಗಿಲಿಗೆ ಬಂದಾಗ ನಡೆಯುವ ಮಾತು ಇಲ್ಲಿ ಎಲ್ಲರಿಗೂ ಗೊತ್ತು.

“ಕನ್ನಡದ್ದು ಯಾಕಪ್ಪ ಬರ್ತಿಲ್ಲ?”

“ಅಜ್ಜಿ, ತಮಿಳ್ ಪ್ಯಾಕ್ ಒಂದೇ ಹಾಕ್ಸಿರೋದು. ಕನ್ನಡ ಬೇಕಂದ್ರೆ ಅದರ ಪ್ಯಾಕ್ ಬೇರೆ, ದುಡ್ಡು ಬೇರೆ.”

“ಹೋಗ್ಲಿ ಬಿಡು, ಮಗು ನೋಡ್ಕೊಳ್ಲಿ.”

ಈ ‘ಹೋಗ್ಲಿ ಬಿಡು’ ಎಂಬಲ್ಲಿ ಒಂದು ಭಾಷೆ ಮನೆಯಿಂದ ಹೊರಗೆ ಹೆಜ್ಜೆ ಇಡುತ್ತದೆ. ಯಾರೂ ನಿಷೇಧ ಹೇರಿಲ್ಲ, ಯಾರಿಗೂ ದ್ವೇಷವಿಲ್ಲ. ಎರಡು ಭಾಷೆಯ ಮನೆ ಎರಡು ಸಲ ಹಣ ಕೊಡಬೇಕಾದ ಪದ್ಧತಿ ಬಂದಿದೆ, ಹಣ ಕಡಿಮೆಯಾದಾಗ ಬಿಟ್ಟುಕೊಡುವುದು ಮನೆಯ ಹಿರಿಯರು. ಹಿರಿಯರು ಬಿಟ್ಟುಕೊಟ್ಟ ಕಡೆ ಮಕ್ಕಳ ಕಿವಿಗೆ ಕನ್ನಡ ಬೀಳುವುದು ನಿಲ್ಲುತ್ತದೆ.

ಇದಕ್ಕೆ ರೇಟಿಂಗ್ ಲೆಕ್ಕವನ್ನೂ ಸೇರಿಸಿ ನೋಡಿ. ಕನ್ನಡ ವಾಹಿನಿಗಳ ಜಾಹೀರಾತು ದರ ನಿಲ್ಲುವುದು ಕರ್ನಾಟಕದ ಮಾರುಕಟ್ಟೆಯ ರೇಟಿಂಗ್ ಮೇಲೆ. ಕೆಲಮಂಗಲದ ಮನೆ ಸೇರುವುದು ತಮಿಳುನಾಡಿನ ಮಾರುಕಟ್ಟೆಗೆ. ಇಲ್ಲಿ ಎಷ್ಟೇ ಜನ ಕನ್ನಡ ನೋಡಿದರೂ ಕನ್ನಡ ವಾಹಿನಿಯ ವ್ಯಾಪಾರಕ್ಕೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ತಮಿಳು ವಾಹಿನಿಗಳಿಗಂತೂ ನಾವು ಕನ್ನಡ ನೋಡುಗರಾಗಿ ಲೆಕ್ಕಕ್ಕೇ ಇಲ್ಲ. ವ್ಯಾಪಾರದ ಎರಡು ಪುಸ್ತಕಗಳಲ್ಲೂ ನಮ್ಮ ಹೆಸರಿಲ್ಲ.

ಹೀಗಿದ್ದೂ ಕೇಬಲ್ ಡಬ್ಬದಲ್ಲಿ ಹೆಚ್ಚುವರಿ ಪ್ಯಾಕ್ ಇಲ್ಲದೆ ಸಿಗಬೇಕಾದ ಕನ್ನಡ ವಾಹಿನಿ ಒಂದಿದೆ, ಅದು ದೂರದರ್ಶನದ ಚಂದನ. 1995ರ ಕೇಬಲ್ ಕಾಯ್ದೆಯ 8ನೇ ಕಲಮಿನ ಪ್ರಕಾರ ಕಡ್ಡಾಯವಾಗಿ ಕೊಡಲೇಬೇಕಾದ ದೂರದರ್ಶನ ವಾಹಿನಿಗಳ ಪಟ್ಟಿಯಲ್ಲಿ ಪ್ರಾದೇಶಿಕ ಭಾಷೆಯ ವಾಹಿನಿಗಳೂ ಸೇರಿವೆ. ಮಾರುಕಟ್ಟೆ ಕೊಡದ ಜಾಗವನ್ನು ಕಾನೂನು ಕೊಟ್ಟಿದೆ. ನಾನು ಹಕ್ಕು ಎಂದದ್ದಕ್ಕೆ ಇದೇ ಆಧಾರ.

ಗೋಪುರಗಳು ಮೌನವಾದಾಗ

ಕೇಬಲ್, ಡಿಟಿಎಚ್‌ಗಳು ಹರಡಿದ ಮೇಲೆ ಆಂಟೆನಾ ಹಾಕಿಕೊಂಡವರು ವಿರಳರಾದರು. ಪ್ರಸಾರ ಭಾರತಿ ತನ್ನ ಹಳೆಯ ಅನಲಾಗ್ ಟಿ.ವಿ. ಟ್ರಾನ್ಸ್‌ಮಿಟರುಗಳನ್ನು ಹಂತ ಹಂತವಾಗಿ ಮುಚ್ಚಿತು. ಆಯಕಟ್ಟಿನ ಸ್ಥಳಗಳ ಸುಮಾರು 50 ಬಿಟ್ಟು ಉಳಿದವನ್ನೆಲ್ಲ 2022ರ ಮಾರ್ಚ್ ಹೊತ್ತಿಗೆ ನಿಲ್ಲಿಸುವುದಾಗಿ ಪ್ರಕಟಿಸಿತು. 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿ ಕಲ್ಯಾಣ ಕರ್ನಾಟಕದ ಜನ ಕಳವಳಪಟ್ಟಾಗ, ನಿಲ್ಲುವುದು ಹಳೆಯ ಟ್ರಾನ್ಸ್‌ಮಿಟರ್ ಮಾತ್ರ, ಕಾರ್ಯಕ್ರಮ ತಯಾರಿಕೆ ನಡೆಯುತ್ತದೆ ಎಂದು ಪ್ರಸಾರ ಭಾರತಿ ಸ್ಪಷ್ಟನೆ ಕೊಡಬೇಕಾಯಿತು.

ಅನಲಾಗ್ ಹೋಗಬೇಕಾದದ್ದೇ. ಅದು ವಿದ್ಯುತ್ ತಿನ್ನುತ್ತಿತ್ತು, ಒಂದು ಟ್ರಾನ್ಸ್‌ಮಿಟರಿನಲ್ಲಿ ಒಂದೇ ಚಾನೆಲ್ ಬರುತ್ತಿತ್ತು. ನನ್ನ ಆಕ್ಷೇಪ ಅದರ ಜಾಗಕ್ಕೆ ಡಿಜಿಟಲ್ ಗೋಪುರ ಸರಿಯಾಗಿ ಬರಲಿಲ್ಲ ಎಂಬುದರ ಬಗ್ಗೆ. 2016ರ ಫೆಬ್ರವರಿಯಲ್ಲಿ ಬೆಂಗಳೂರು, ಚೆನ್ನೈ ಸೇರಿ 16 ನಗರಗಳಲ್ಲಿ ದೂರದರ್ಶನ ಡಿಜಿಟಲ್ ಭೂಪ್ರಸಾರ ಆರಂಭಿಸಿತು. ಅದನ್ನು ಹಿಡಿಯುವ ಟ್ಯೂನರ್ ಬಹುತೇಕ ಟಿ.ವಿ.ಗಳಲ್ಲಿ ಇರಲಿಲ್ಲ, ಮೊಬೈಲಿಗೆ ಹಾಕುವ ಡಾಂಗಲ್ ಅಂಗಡಿಗಳಲ್ಲಿ ಸುಲಭವಾಗಿ ಸಿಗಲಿಲ್ಲ, ಜನರಿಗೆ ಸುದ್ದಿಯೂ ಮುಟ್ಟಲಿಲ್ಲ. ನೋಡುವವರಿಲ್ಲ ಎಂಬ ಕಾರಣಕ್ಕೆ ಆ ಯೋಜನೆ ಬೆಳೆಯದೆ ನಿಂತಿತು. ಒಂದು ಸೇವೆಯನ್ನು ಜನರಿಗೆ ತಿಳಿಸದೆ ಇಟ್ಟು ಅನಂತರ ಜನರಿಗೆ ಬೇಡವಾಯಿತು ಎನ್ನುವುದು ನ್ಯಾಯವಲ್ಲ.

ಆಗ್ನೇಯಕ್ಕೆ ತಿರುಗಿದ ಬುಟ್ಟಿ

ಈಗ ಉಚಿತ ಟಿ.ವಿ. ಎಂದರೆ ನಮ್ಮ ದೇಶದಲ್ಲಿ ಮುಖ್ಯವಾಗಿ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್ 16ರಂದು ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ 33 ಚಾನೆಲ್ಲುಗಳೊಂದಿಗೆ ಶುರುವಾದ ಸೇವೆ ಇದು. ಬುಟ್ಟಿ, ಡಬ್ಬ ಒಮ್ಮೆ ಕೊಂಡರೆ ಮುಗಿಯಿತು. ತಿಂಗಳ ರೀಚಾರ್ಜ್ ಇಲ್ಲ. ಉದ್ಯಮದವರ ಅಂದಾಜಿನಲ್ಲೇ ದೇಶದ 4 ಕೋಟಿಗೂ ಹೆಚ್ಚು ಮನೆಗಳಲ್ಲಿ ಇದಿದೆ. ಇಸ್ರೋದ ಜಿಸ್ಯಾಟ್-15 ಉಪಗ್ರಹ ಸಮಭಾಜಕದ ಮೇಲೆ 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತು ಇದನ್ನು ಇಳಿಸುತ್ತದೆ. ಕೆಲಮಂಗಲದಲ್ಲಿ ಬುಟ್ಟಿಯನ್ನು ಆಗ್ನೇಯಕ್ಕೆ ತಿರುಗಿಸಿ ಚೆನ್ನಾಗಿ ಮೇಲಕ್ಕೆ ಎತ್ತಿ ಕೂರಿಸಿದರೆ ಸಾಕು, ತೆಂಗಿನ ಗರಿ ಅಡ್ಡ ಬರದಿದ್ದರೆ ಚಂದನವೂ ಡಿಡಿ ತಮಿಳೂ ಒಟ್ಟಿಗೆ ಬರುತ್ತವೆ. ಜೋರು ಮಳೆ ಹೊಡೆದಾಗ ಚಿತ್ರ ಒಡೆಯುತ್ತದೆ, ಮಳೆ ನಿಂತರೆ ಸರಿಹೋಗುತ್ತದೆ.

ಎರಡು ಭಾಷೆಯ ಮನೆ ಇಲ್ಲಿ ಎರಡು ಸಲ ಹಣ ಕೊಡಬೇಕಿಲ್ಲ. 2002ರಿಂದ ನಡೆದುಬಂದಿರುವ ಡಾ. ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ಬಹುಮಾನವಾಗಿ ಪುಸ್ತಕ ಕೊಡುವ ರಸಪ್ರಶ್ನೆ. ಅಂಥ ಕಾರ್ಯಕ್ರಮವನ್ನು ಇಲ್ಲಿನ ಕನ್ನಡ ಶಾಲೆಯ ಮಗು ಯಾರ ಅಪ್ಪಣೆಯೂ ಇಲ್ಲದೆ ನೋಡಬಹುದು. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಕರ್ನಾಟಕ ಸರ್ಕಾರ ಚಂದನದಲ್ಲಿ ‘ಸಂವೇದ’ ಪಾಠಗಳನ್ನು ನಡೆಸಿತು. ಪಠ್ಯಕ್ರಮ ಬೇರೆಯಾದರೂ ಕನ್ನಡದಲ್ಲಿ ಗಣಿತ, ವಿಜ್ಞಾನ ಕೇಳುವ ದಾರಿ ಅದೊಂದು ಗಡಿಯ ಈಚೆಗೂ ತೆರೆದಿತ್ತು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ನಂತರ ಅಲ್ಪಸಂಖ್ಯಾತ ಭಾಷೆಯ ಶಾಲೆಗಳಲ್ಲೂ ತಮಿಳು ಮೊದಲ ಭಾಷೆ. ಇರುವ ನಾಡಿನ ಭಾಷೆ ಕಲಿಯುವುದು ಒಳ್ಳೆಯದೇ, ಕಲಿಯಬೇಕು. ಆದರೆ ಶಾಲೆಯಲ್ಲಿ ಕನ್ನಡದ ಪಾಲು ಕಿರಿದಾದಷ್ಟೂ ಮನೆಯೊಳಗಿನ ಕನ್ನಡಕ್ಕೆ ಬೆಲೆ ಹೆಚ್ಚುತ್ತದೆ.

ಫ್ರೀ ಡಿಶ್‌ನ ಕೊರತೆಯನ್ನೂ ಹೇಳಲೇಬೇಕು. ಅದರಲ್ಲಿ ಖಾಸಗಿ ವಾಹಿನಿಗಳಿಗೆ ಜಾಗ ಸಿಗುವುದು ಇ-ಹರಾಜಿನಲ್ಲಿ. ಹೆಚ್ಚು ಹಣ ಕೂಗಿದವರಿಗೆ ಜಾಗ. ದೊಡ್ಡ ಮಾರುಕಟ್ಟೆ ಹಿಂದಿಯದು, ಆದ್ದರಿಂದ ಜಾಗಗಳಲ್ಲಿ ಬಹುಪಾಲು ಹಿಂದಿಯ ಪಾಲಾಗಿದೆ. ದಕ್ಷಿಣದ ಭಾಷೆಗಳಿಗೆ ಸಿಕ್ಕಿರುವುದು ತೀರ ಚಿಕ್ಕ ಪಾಲು. ದಕ್ಷಿಣದ ಮನೆಗಳಲ್ಲಿ ಫ್ರೀ ಡಿಶ್ ಅಷ್ಟಾಗಿ ಕಾಣದಿರುವುದಕ್ಕೆ ಇದೇ ಮುಖ್ಯ ಕಾರಣ. ಖಾಸಗಿ ವಾಹಿನಿ ಉಚಿತವಾಗಿ ಬಂದರೂ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ. 2022ರ ಏಪ್ರಿಲ್‌ನಲ್ಲಿ ನಾಲ್ಕು ದೊಡ್ಡ ಬಳಗಗಳು ತಮ್ಮ ಹಿಂದಿ ಮನರಂಜನೆ ವಾಹಿನಿಗಳನ್ನು ಒಟ್ಟಿಗೆ ಫ್ರೀ ಡಿಶ್‌ನಿಂದ ಹಿಂದೆಗೆದುಕೊಂಡವು. ಹಾಗಾಗಿ ಉಚಿತ ಪ್ರಸಾರದ ಗಟ್ಟಿ ನೆಲೆ ಸಾರ್ವಜನಿಕ ವಾಹಿನಿಯೇ. ಚಂದನ ಬಲವಾಗದೆ ಗಡಿನಾಡಿನ ಉಚಿತ ಕನ್ನಡ ಬಲವಾಗದು.

ಖರ್ಚು ಯಾರದು

ಉಚಿತ ಎಂಬುದು ಸುಳ್ಳು, ಯಾರೋ ದುಡ್ಡು ಕೊಡುತ್ತಲೇ ಇರುತ್ತಾರೆ ಎಂದು ಪೇ ಟಿ.ವಿ.ಯ ಪರ ಇರುವವರು ಹೇಳುತ್ತಾರೆ. ನಿಜ. ಒಂದು ಕಾಲಕ್ಕೆ ರೇಡಿಯೊ ಇಟ್ಟವರೂ ಲೈಸೆನ್ಸ್ ಮಾಡಿಸಬೇಕಿತ್ತು. ಪೋಸ್ಟ್ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಹಿರಿಯರು ಇಲ್ಲಿದ್ದಾರೆ. 1980ರ ದಶಕದ ಮಧ್ಯದಲ್ಲಿ ಆ ಪದ್ಧತಿ ರದ್ದಾಯಿತು. ಈಗ ಆಕಾಶವಾಣಿ, ದೂರದರ್ಶನದ ಖರ್ಚು ಬರುವುದು ತೆರಿಗೆಯಿಂದ, ಜಾಹೀರಾತಿನಿಂದ, ಫ್ರೀ ಡಿಶ್ ಹರಾಜಿನಿಂದ. ಊರಿನ ರಸ್ತೆಗೂ ನಾವು ತೆರಿಗೆ ಕಟ್ಟುತ್ತೇವೆ. ಆ ರಸ್ತೆಯಲ್ಲಿ ನಡೆಯುವಾಗ ಪ್ರತಿ ಮನೆಯ ಮುಂದೆ ಯಾರೂ ಕೈಚಾಚಿ ತಡೆಯುವುದಿಲ್ಲ. ಸಾರ್ವಜನಿಕ ಪ್ರಸಾರದ ಮಾತೂ ಅಷ್ಟೇ.

ಬಾಗಿಲಲ್ಲಿ ಹಣ ಕೇಳುವುದಕ್ಕೂ ಕೇಳದಿರುವುದಕ್ಕೂ ಇರುವ ವ್ಯತ್ಯಾಸ ಕ್ರಿಕೆಟ್ಟಿನಲ್ಲಿ ಚೆನ್ನಾಗಿ ಕಾಣುತ್ತದೆ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಹಕ್ಕುದಾರರು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಆದರೆ ಹಾಗೆ ಬಂದ ಪಂದ್ಯವನ್ನು ದೂರದರ್ಶನ ತನ್ನ ಸ್ವಂತ ಭೂಪ್ರಸಾರದಲ್ಲಿ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ ತೋರಿಸಬಹುದು, ಖಾಸಗಿ ಕೇಬಲ್ಲಿನ ಮೂಲಕ ಕೊಡುವಂತಿಲ್ಲ ಎಂದು 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಅಂದಮೇಲೆ ಭೂಪ್ರಸಾರ ಹೆಚ್ಚುಕಡಿಮೆ ಪೂರ್ತಿ ನಿಂತಿರುವ ಈ ಹೊತ್ತಿನಲ್ಲಿ, ಟಿ.ವಿ.ಯಲ್ಲಿ ಆ ಪಂದ್ಯವನ್ನು ಪೇ ಚಾನೆಲ್ಲಿಗೆ ಹಣ ಕೊಡದೆ ನೋಡುವ ದಾರಿ ಫ್ರೀ ಡಿಶ್ ಬುಟ್ಟಿ ಒಂದೇ. ಕಾನೂನು ಕೊಟ್ಟ ಸೌಲಭ್ಯ ತಂತ್ರಜ್ಞಾನದ ಆಯ್ಕೆಯಿಂದ ಎಷ್ಟು ಕಿರಿದಾಗಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

ಎದುರಿಗಿರುವ ದಾರಿಗಳು

ಹೊರಗಿನ ದೇಶಗಳು ಎರಡು ದಾರಿ ತೋರಿಸುತ್ತವೆ. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಪ್ರಸಾರ ಸಂಸ್ಥೆ 2019ರ ಜೂನ್ 3ರಂದು ತನ್ನ ಡಿಜಿಟಲ್ ಭೂಪ್ರಸಾರವನ್ನು ನಿಲ್ಲಿಸಿತು. ಅಲ್ಲಿ ಆಂಟೆನಾದಲ್ಲಿ ನೋಡುವವರು ತೀರ ಕಡಿಮೆಯಾಗಿದ್ದರು. ಬ್ರಿಟನ್ನಿನಲ್ಲಿ 2002ರಲ್ಲಿ ಶುರುವಾದ ಉಚಿತ ಭೂಪ್ರಸಾರದ ಫ್ರೀವ್ಯೂ ಸೇವೆಯನ್ನು ಕನಿಷ್ಠ 2034ರವರೆಗೆ ಉಳಿಸಿಕೊಳ್ಳುವ ಭರವಸೆ ಇದೆ. ಅದರಾಚೆಗೂ ಗೋಪುರ ಇರಬೇಕೋ, ಎಲ್ಲವನ್ನೂ ಇಂಟರ್‌ನೆಟ್ಟಿಗೆ ಒಯ್ಯಬೇಕೋ ಎಂಬ ವಾದ ಅಲ್ಲಿ ಈಗ ಜೋರಾಗಿದೆ. ವಯಸ್ಸಾದವರು, ಒಂಟಿಯಾಗಿರುವವರು, ಬ್ರಾಡ್‌ಬ್ಯಾಂಡ್ ಬಿಲ್ಲು ಕಟ್ಟಲಾಗದವರು ಏನು ಮಾಡಬೇಕು ಎಂಬುದೇ ಆ ವಾದದ ನಡುವಿನ ಪ್ರಶ್ನೆ.

ನಮ್ಮಲ್ಲೂ 2024ರ ನವೆಂಬರ್‌ನಲ್ಲಿ ಪ್ರಸಾರ ಭಾರತಿ ‘ವೇವ್ಸ್’ ಎಂಬ ಒಟಿಟಿ ತಂದಿದೆ. ಆಕಾಶವಾಣಿಯ ನಿಲಯಗಳು ಮೊಬೈಲ್ ಆ್ಯಪಿನಲ್ಲಿ ಸಿಗುತ್ತವೆ. ಇದು ಸ್ವಾಗತಾರ್ಹ, ವಿದೇಶದಲ್ಲಿರುವ ಕನ್ನಡಿಗರಿಗಂತೂ ವರ. ಆದರೆ ಡೇಟಾಕ್ಕೆ ಹಣ ಕೊಟ್ಟ ಮೇಲೆ ಅದನ್ನು ಪೂರ್ತಿ ಉಚಿತ ಎನ್ನಲಾಗದು. ಬೆಟ್ಟದ ಕಡೆ ನೆಟ್‌ವರ್ಕ್ ಸಿಗದ ಊರುಗಳಿವೆ. ಗಾಳಿ ಮಳೆಗೆ ಕರೆಂಟು ಹೋಗಿ ಮೊಬೈಲ್ ಟವರ್ ನಿಂತಾಗ ಎರಡು ಸೆಲ್ಲಿನ ರೇಡಿಯೊ ಮಾತ್ರ ಮಾತಾಡುತ್ತದೆ.

ಇನ್ನೊಂದು ದಾರಿ ಬೆಂಗಳೂರಿನಲ್ಲೇ ರೂಪುಗೊಳ್ಳುತ್ತಿದೆ. ಡಿ2ಎಂ ಎಂದು ಕರೆಯುವ ತಂತ್ರಜ್ಞಾನದಲ್ಲಿ ಗೋಪುರದಿಂದ ಹೊರಟ ಪ್ರಸಾರ ಇಂಟರ್‌ನೆಟ್ ಇಲ್ಲದೆ, ಡೇಟಾ ಖರ್ಚಾಗದೆ ನೇರವಾಗಿ ಮೊಬೈಲಿಗೆ ಬರುತ್ತದೆ. ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದಕ್ಕೆ ಬೇಕಾದ ಚಿಪ್ ತಯಾರಿಸಿತು. ಐಐಟಿ ಕಾನ್ಪುರ, ಪ್ರಸಾರ ಭಾರತಿ ಸೇರಿ ಪ್ರಯೋಗಗಳು ನಡೆದಿವೆ. 470ರಿಂದ 582 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಇದಕ್ಕೆ ಮೀಸಲಿಡುವ ಮಾತಿದೆ. ಡೇಟಾ ಮಾರುವ ಮೊಬೈಲ್ ಕಂಪನಿಗಳಿಗೆ ಇದು ಇಷ್ಟವಿಲ್ಲ. ಅವರು ವಿರೋಧ ಹೇಳಿದ್ದಾರೆ. ಸರ್ಕಾರ ಇಲ್ಲಿ ಯಾರ ಪರ ನಿಲ್ಲುತ್ತದೆ ಎಂಬುದು ಉಚಿತ ಪ್ರಸಾರದ ಭವಿಷ್ಯವನ್ನು ನಿರ್ಧರಿಸುತ್ತದೆ. ಬೆಂಗಳೂರಿನ ಗೋಪುರದಿಂದ ಚಂದನ ಹೀಗೆ ಹೊರಟರೆ, ಹಿಂದಿನ ಹಾಗೆ ಮತ್ತೆ ಅಲೆ ಅತ್ತಿಬೆಲೆ ದಾಟಿ ಹೊಸೂರಿಗೆ, ಕೆಲಮಂಗಲಕ್ಕೆ ಬರಬಹುದು.

ನಾವು ಕೇಳಬೇಕಾದದ್ದು

ಪೇ ಟಿ.ವಿ. ಇರಲಿ, ಒಟಿಟಿ ಬೆಳೆಯಲಿ. ಹಣ ಇರುವವರು, ಆಯ್ಕೆ ಬಯಸುವವರು ನೋಡಲಿ. ಅದರ ಕೆಳಗೆ ಎಲ್ಲರ ಪಾಲಿಗೆ ಒಂದು ಗಟ್ಟಿ ನೆಲ ಇರಬೇಕು, ಆ ನೆಲದಲ್ಲಿ ಕನ್ನಡ ಇರಬೇಕು. ಅದಕ್ಕಾಗಿ ನಾಲ್ಕು ಬೇಡಿಕೆಗಳನ್ನು ಈ ಸಭೆಯ ಮುಂದಿಡುತ್ತೇನೆ.

ಒಂದು, 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ 2,539.61 ಕೋಟಿ ರೂಪಾಯಿಯ ‘ಬಿಂಡ್’ ಪ್ರಸಾರ ಸೌಲಭ್ಯ ಯೋಜನೆಯಲ್ಲಿ ದುರ್ಗಮ, ಬುಡಕಟ್ಟು ಮತ್ತು ಗಡಿ ಪ್ರದೇಶದ ಜನರಿಗೆ 8 ಲಕ್ಷಕ್ಕೂ ಹೆಚ್ಚು ಫ್ರೀ ಡಿಶ್ ಡಬ್ಬ ಹಂಚುವ ಉದ್ದೇಶವಿತ್ತು. ದೇಶದ ಗಡಿಯ ಜೊತೆಗೆ ಭಾಷೆಯ ಗಡಿಯೂ ಇಂಥ ಯೋಜನೆಗಳಲ್ಲಿ ಸೇರಬೇಕು. ಬೆಟ್ಟಮುಗಿಲಾಳದ ಬುಡಕಟ್ಟಿನ ಮನೆಗಳಿಂದ ಅದು ಶುರುವಾಗಲಿ.

ಎರಡು, ಫ್ರೀ ಡಿಶ್‌ನಲ್ಲಿ ಪ್ರತಿ ಭಾಷೆಗೂ ಹರಾಜಿಗೆ ಸಿಗದ ಒಂದಿಷ್ಟು ಜಾಗ ಮೀಸಲಿರಬೇಕು.

ಮೂರು, ಚಂದನದಲ್ಲಿ ಮತ್ತು ಬೆಂಗಳೂರು ಆಕಾಶವಾಣಿಯಲ್ಲಿ ಗಡಿಯಾಚೆಯ ಕನ್ನಡಿಗರಿಗೆ ನಿಯಮಿತ ಕಾರ್ಯಕ್ರಮ ಬರಬೇಕು. ಕಾಸರಗೋಡು, ತಾಳವಾಡಿ, ಹೊಸೂರು, ಸೊಲ್ಲಾಪುರ, ಮಡಕಶಿರಾ ಸೀಮೆಗಳ ಮಾತು ಅದೇ ಮಾತಿನವರ ಬಾಯಲ್ಲಿ ಕೇಳಬೇಕು. ನಾವು ಕೇಳುಗರಾಗಿ ಮಾತ್ರ ಉಳಿದರೆ ಸಾಲದು, ದನಿಯಾಗಿಯೂ ಬರಬೇಕು.

ನಾಲ್ಕು, ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರನಾಡ ಗಡಿಯ ಪ್ರತಿ ಕನ್ನಡ ಶಾಲೆಗೂ ಒಂದು ಬುಟ್ಟಿ, ಒಂದು ಡಬ್ಬ, ಒಂದು ಟಿ.ವಿ. ಕೊಡಲಿ. ಖರ್ಚು ದೊಡ್ಡದಲ್ಲ, ತಿಂಗಳ ಬಿಲ್ಲಂತೂ ಬರುವುದೇ ಇಲ್ಲ.

ಸರ್ಕಾರಗಳನ್ನು ಕೇಳುವುದರ ಜೊತೆಗೆ ನಾವು ಮಾಡಬೇಕಾದದ್ದೂ ಇದೆ. ಚಂದನದಲ್ಲಿ ಒಳ್ಳೆಯ ಕಾರ್ಯಕ್ರಮ ಬಂದಾಗ ಒಂದು ಕಾರ್ಡು ಬರೆಯಿರಿ, ಊರಿನ ಹೆಸರು ದಪ್ಪಕ್ಷರದಲ್ಲಿ ಹಾಕಿ. ನೋಡುವವರು ಇದ್ದಾರೆ ಎಂದು ಗೊತ್ತಾಗದ ಕಾರಣಕ್ಕೆ ಡಿಜಿಟಲ್ ಗೋಪುರ ನಿಂತಿತು. ಚಂದನಕ್ಕೆ ಆ ಗತಿ ಬರಬಾರದು. ಕೇಬಲ್ ಡಬ್ಬದಲ್ಲಿ ಚಂದನ ಬಾರದಿದ್ದರೆ ‘ಹೋಗ್ಲಿ ಬಿಡು’ ಎನ್ನದೆ ಕೇಳಿ ಹಾಕಿಸಿಕೊಳ್ಳಿ, ಕಾನೂನು ನಿಮ್ಮ ಪರ ಇದೆ.

ಈ ನಾಲ್ಕು ಬೇಡಿಕೆಗಳ ಮನವಿಯನ್ನು ಬರೆದು ತಂದಿದ್ದೇನೆ, ಬಾಗಿಲ ಬಳಿಯ ಮೇಜಿನ ಮೇಲಿದೆ. ಪ್ರಸಾರ ಭಾರತಿಗೆ ಒಂದು ಪ್ರತಿ, ಕರ್ನಾಟಕ ಸರ್ಕಾರಕ್ಕೆ ಒಂದು, ತಮಿಳುನಾಡು ಸರ್ಕಾರಕ್ಕೆ ಒಂದು ಹೋಗಲಿದೆ. ಮನೆಗೆ ಹೊರಡುವ ಮುಂಚೆ ದಯವಿಟ್ಟು ಎಲ್ಲರೂ ಸಹಿ ಮಾಡಿ, ಸಹಿಯ ಪಕ್ಕದಲ್ಲಿ ನಿಮ್ಮ ಊರಿನ ಹೆಸರು ಬರೆಯಿರಿ.